ರೆಕ್ಕೆಯ ಪಾಲು

ದಾರ್ ಎಸ್ ಸಲಾಮ್ ಪಟ್ಟಣದ ಆ ಗುಜರಾತಿ ಅಂಗಡಿಯವನಿಗೆ ಆಶಾಳನ್ನು ಕಂಡರೆ ಸ್ವಲ್ಪ ಭಯವೇ ಇತ್ತು. ಬೇರೆ ಗಿರಾಕಿಗಳು ಬಾಟಲಿಯ ಮೇಲಿನ ಮೆಣಸಿನಕಾಯಿ ಚಿತ್ರ ನೋಡಿ ಸಾಸ್ ಕೊಳ್ಳುತ್ತಿದ್ದರು. ಇವಳು ಮುಚ್ಚಳ ತೆಗೆಸಿ, ಕೈ ಮೇಲೆ ಒಂದು ತೊಟ್ಟು ಹಾಕಿಸಿಕೊಂಡು ನೆಕ್ಕಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದಳು. ಒಂದು ಬಾಟಲಿಯಲ್ಲಿ ಬರೀ ಟೊಮೆಟೊ. ಇನ್ನೊಂದಕ್ಕೆ ಸಕ್ಕರೆ ಸುರಿದಿದ್ದರು. ಮೂರನೆಯದರ ಹುಳಿಗೆ ಹಲ್ಲು ಜುಮ್ಮೆಂದಿತು. ಕಡೆಗೆ ಅಲ್ಲಿಯವರು ಪಿಲಿಪಿಲಿ ಎನ್ನುವ ಪುಟ್ಟ ಮೆಣಸಿನಕಾಯಿಯ ಸಾಸ್ ನಾಲಿಗೆಯ ಮೇಲೆ ಸುಮ್ಮನಿದ್ದು, ಗಂಟಲಿಗಿಳಿದ ಮೇಲೆ ಚುರುಕು ತೋರಿಸಿತು. ಆಶಾಳ ಕಣ್ಣಲ್ಲಿ ನೀರು ಬಂತು. ಅಂಗಡಿಯವನು ಗಾಬರಿಯಾಗಿ ನೀರಿನ ಲೋಟ ಹಿಡಿದು ಬಂದರೆ, ಅವಳು ನಗುತ್ತಾ ಇದೇ ಇರಲಿ ಎಂದಳು.

ಆ ಬಾಟಲಿ ಅವಳ ಅತ್ತೆ ಯರ್ರಮ್ಮನನ್ನು ಗೆಲ್ಲಲು ಬೇಕಾಗಿತ್ತು.

ಆಶಾಳ ಗಂಡ ಮಾರುತೇಶ ಬೋರ್‌ವೆಲ್ ಗಾಡಿಯವನು. ಚಳ್ಳಕೆರೆ, ಮೊಳಕಾಲ್ಮೂರು ಸುತ್ತಿನ ಬಂಡೆಗಳನ್ನೆಲ್ಲ ಕೊರೆದು ಕೈ ಪಳಗಿದ ಮೇಲೆ, ಗಾಡಿಯ ಮಾಲೀಕ ಅವನನ್ನು ಆಫ್ರಿಕಾಕ್ಕೆ ಕಳಿಸಿದ್ದ. ನಮ್ಮೂರ ಬಂಡೆ ಕೊರೆದವನಿಗೆ ಯಾವ ದೇಶದ ನೆಲವಾದರೂ ಬೆಣ್ಣೆಯೇ. ಗಂಡನ ಹಿಂದೆ ಆಶಾಳೂ ಹೋದಳು. ಈಗ ಅವಳಿಗೆ ಐದು ತಿಂಗಳು. ಹೆತ್ತ ತಾಯಿ ಇಲ್ಲ, ಬಾಣಂತನ ಮಾಡುವ ತವರಿಲ್ಲ. ಊರಿನಲ್ಲೇ ಉಳಿದು ಹೆರೋಣವೆಂದರೆ ಮಾರುತೇಶನ ಮುಂದಿನ ರಜೆ ಎರಡು ವರ್ಷಕ್ಕೆ. ಮಗು ಅಪ್ಪನನ್ನು ಕಂಡು ಯಾರೋ ಎಂದು ಅಳುವುದನ್ನು ನೆನೆದರೇ ಅವಳಿಗೆ ಸಂಕಟ. ಹಾಗಾಗಿ ಒಂದೇ ದಾರಿ. ಅತ್ತೆಯೇ ಅಲ್ಲಿಗೆ ಬರಬೇಕು. ಪಾಸ್‌ಪೋರ್ಟ್ ಹಿಂದಿನ ರಜೆಯಲ್ಲೇ ಮಾಡಿಸಿಟ್ಟಿದ್ದರು. ಫೋಟೊದಲ್ಲಿ ಕೂಡ ಯರ್ರಮ್ಮ ಒಲ್ಲೆ ಎನ್ನುವ ಮುಖದಲ್ಲೇ ಕೂತಿದ್ದಳು.

ಈ ಸಲದ ರಜೆಗೆಂದು ಗಂಡ ಹೆಂಡತಿ ತಮ್ಮೂರು ಬಿ.ಜಿ. ಕೆರೆಗೆ ಬಂದು ಚಪ್ಪಲಿ ಬಿಡುವುದೇ ತಡ, ಅತ್ತೆಯ ತೀರ್ಪು ಹೊರಬಿತ್ತು.

"ನಾನ್ ಬರಂಗಿಲ್ಲಮ್ಮಾ. ಆ ಸಪ್ಪೆ ದೇಶದಾಗೆ ಏನ್ ತಿಂದು ಬದುಕ್ಲಿ? ನೀನೇ ಇಲ್ಲಿರು, ನಿನ್ನ ರಾಣಿ ನೋಡ್ಕಂಡಂಗೆ ನೋಡ್ಕಂತೀನಿ."

"ಅಲ್ಲೂ ಖಾರ ಐತ್ರಿ ಅತ್ತೆ."

"ಐತೆ ಐತೆ. ಬಿಸ್ಕತ್ತಿನಾಗೆ ಇರ್ತೈತೆ."

ಯರ್ರಮ್ಮನ ತವರು ಆಂಧ್ರದ ರಾಯದುರ್ಗದ ಕಡೆ. ಅಲ್ಲಿಯವರಿಗೆ ಖಾರವೆಂದರೆ ಮಾನ ಮರ್ಯಾದೆಯ ವಿಷಯ. ಮೆಣಸಿನಪುಡಿ ಕುಟ್ಟಿಸಿದ ದಿನ ಬೀದಿಯವರೆಲ್ಲ ಸೀನದಿದ್ದರೆ ಪುಡಿ ಸರಿಯಿಲ್ಲ ಎಂದು ಅವಳ ಲೆಕ್ಕ. ಸಿಟ್ಟು ಬಂದರೆ ಬಾಯಿಗೆ ತೆಲುಗು ಬರುತ್ತಿತ್ತು. ಆ ತೆಲುಗಿಗೂ ಅಷ್ಟೇ ಖಾರ.

"ಅವ್ವ ಮಾತಿಗೆ ಸೋಲಾಕಿಲ್ಲ, ನಾಲಿಗೆಗೆ ಸೋಲ್ತಾಳೆ. ನೀ ಅಲ್ಲಿ ಮಾಡ್ತೀಯಲ್ಲ, ಆ ರೆಕ್ಕೆ ಮಾಡು" ಎಂದ ಮಾರುತೇಶ.

ಆಶಾಳ ಮನಸ್ಸಿನಲ್ಲೂ ಅದೇ ಇತ್ತು. ಅಲ್ಲಿ ಅವಳು ವಾರವಾರ ಕೋಳಿರೆಕ್ಕೆ ಹುರಿದು, ಸಾಸಿನಲ್ಲಿ ಹೊರಳಿಸಿ ಮಾಡುತ್ತಿದ್ದಳು. ಮಾರುತೇಶನ ಜೊತೆಗಾರರು ಆ ವಾಸನೆ ಹಿಡಿದೇ ಮನೆ ಹುಡುಕಿಕೊಂಡು ಬರುತ್ತಿದ್ದರು.

ಭಾನುವಾರ ಬೆಳಿಗ್ಗೆ ಮಾರುತೇಶ ಚಳ್ಳಕೆರೆಗೆ ಹೋದ. ಕೋಳಿ ಅಂಗಡಿಯ ಸಾಬರು ನಂಬಲಿಲ್ಲ. "ಖಾಲಿ ರೆಕ್ಕೆನಾ? ಮನೆಯಾಗೆ ಎಲ್ಲಾ ಆರಾಮ್ ಅದಾರಲ್ಲ ಭಾಯ್?" ಎಂದು ವಿಚಾರಿಸಿ, ಬುಟ್ಟಿಯಲ್ಲಿದ್ದ ರೆಕ್ಕೆಯನ್ನೆಲ್ಲ ಕಟ್ಟಿಕೊಟ್ಟರು.

ಅಷ್ಟರಲ್ಲಿ ಮನೆಯಲ್ಲಿ ಮಾವ ಬೊಮ್ಮಲಿಂಗಪ್ಪ ಮಗ ಬಂದ ಖುಷಿಗೆ ನಾಟಿ ಕೋಳಿಯೊಂದನ್ನು ಕುಯ್ದಿದ್ದ. ಯರ್ರಮ್ಮ ಒಂದು ಒಲೆಯಲ್ಲಿ ಸಾರಿಗಿಟ್ಟಳು, ಆಶಾ ಇನ್ನೊಂದು ಒಲೆ ಹಿಡಿದಳು. ರೆಕ್ಕೆಗಳಿಗೆ ಉಪ್ಪು, ಬೆಳ್ಳುಳ್ಳಿ, ನಿಂಬೆರಸ ಸವರಿ, ಕಾದ ಕಡಲೆಕಾಯಿ ಎಣ್ಣೆಗೆ ಬಿಟ್ಟು ಗರಿಗರಿಯಾಗುವಂತೆ ಹುರಿದಳು. ಬಾಣಲೆಯಲ್ಲಿ ಎಮ್ಮೆಯ ಬೆಣ್ಣೆ ಕರಗಿಸಿ, ಅದಕ್ಕೆ ಸಾಸ್ ಸುರಿದಾಗ ಎದ್ದ ಘಾಟಿಗೆ ಪಡಸಾಲೆಯಿಂದ ಮಾವನ ಕೆಮ್ಮು ಕೇಳಿಸಿತು. ಯರ್ರಮ್ಮ ಓರೆಗಣ್ಣಿನಿಂದ ನೋಡುತ್ತಿದ್ದಳು. ಬಾಟಲಿ ಎತ್ತಿ ಮೂಸಿ, ಏನೂ ಹೇಳದೆ ಇಟ್ಟಳು. ಅತ್ತೆ ಕೊಂಕು ತೆಗೆಯಲಿಲ್ಲವೆಂದರೆ ಅರ್ಧ ಗೆದ್ದಂತೆ ಎಂದು ಆಶಾ ಒಳಗೊಳಗೇ ಕುಣಿದಳು.

ಆ ಮನೆಯಲ್ಲಿ ಕೋಳಿ ಕುಯ್ದರೆ ಯಾವ ತುಂಡು ಯಾರಿಗೆಂದು ಯಾರೂ ಕೇಳುವಂತಿರಲಿಲ್ಲ. ತೊಡೆ ಎರಡೂ ಗಂಡಸರಿಗೆ, ಗುಂಡಿಗೆ, ಈಲಿ ಮಕ್ಕಳಿಗೆ. ಕತ್ತು, ರೆಕ್ಕೆ ಅಡುಗೆ ಮಾಡಿದವರಿಗೆ. ಯರ್ರಮ್ಮ ಎಂದಿನಂತೆ ಗಂಡನ ತಟ್ಟೆಗೊಂದು, ಮಗನ ತಟ್ಟೆಗೊಂದು ತೊಡೆ ಹಾಕಿ, ಮುದ್ದೆಯ ಪಕ್ಕ ಸಾರು ಬಿಟ್ಟಳು. ಆಶಾ ಅವಳನ್ನೂ ರಟ್ಟೆ ಹಿಡಿದು ಗಂಡಸರ ಸಾಲಿನಲ್ಲೇ ಕೂರಿಸಿದಳು. ಎದುರಿಗೆ ಅಗಲದ ತಟ್ಟೆ ಇಟ್ಟು, ಕೆಂಪಗೆ ಹೊಳೆಯುವ ರೆಕ್ಕೆಗಳನ್ನು ಗುಡ್ಡೆ ಹಾಕಿದಳು.

"ಇದೆಲ್ಲಾ ನಂಗಾ?" ಎಂದಳು ಯರ್ರಮ್ಮ.

"ನಿಮಗೇ ಅತ್ತೆ! ನಿಮಗಂತಾನೇ ಚಳ್ಳಕೆರೆಯಿಂದ ಬರೀ ರೆಕ್ಕೆನೇ ತರ್ಸಿದೀನಿ."

ಯರ್ರಮ್ಮ ತಟ್ಟೆ ನೋಡಿದಳು. ಗಂಡನ ತಟ್ಟೆ ನೋಡಿದಳು, ಮಗನದನ್ನೂ ನೋಡಿದಳು. ಒಂದು ರೆಕ್ಕೆ ಎತ್ತಿ ಕಡಿದು, ನಿಧಾನ ಅಗಿದು ನುಂಗಿದಳು. ಹೊಟ್ಟೆ ತುಂಬೈತೆ ಎಂದು ಕೈ ತೊಳೆದು ಹಿತ್ತಲಿಗೆ ಹೋದಳು. ತೆಲುಗಿನಲ್ಲಿ ಒಂದು ಮಾತೂ ಬರಲಿಲ್ಲ. ಇದು ಸಿಟ್ಟಿಗಿಂತ ದೊಡ್ಡದು ಎಂದು ಆಶಾಳಿಗೆ ಆಗಲೇ ಗೊತ್ತಾಯಿತು.

"ಖಾರ ಹೆಚ್ಚಾತೇನೋ" ಎಂದು ಬೊಮ್ಮಲಿಂಗಪ್ಪ ಒಂದು ರೆಕ್ಕೆಗೆ ಕೈ ಹಾಕಿದ. ನೆತ್ತಿ ತಟ್ಟಿಕೊಂಡ. ಮತ್ತೊಂದಕ್ಕೆ ಕೈ ಹಾಕಿದ. ಗಂಡಸರಿಗೆ ಊಟದ ಹೊತ್ತಿನಲ್ಲಿ ಇದಕ್ಕಿಂತ ದೂರ ಯೋಚನೆ ಹೋಗುವುದಿಲ್ಲ.

ಯರ್ರಮ್ಮ ಬೇವಿನ ಮರದ ನೆರಳಲ್ಲಿ ಎಮ್ಮೆಯ ಬೆನ್ನು ಸವರುತ್ತಾ ನಿಂತಿದ್ದಳು. ಆಶಾ ಹತ್ತಿರ ಹೋದಳು.

"ಸಾಸು ಚೆನ್ನಾಗಿಲ್ಲೇನ್ರಿ ಅತ್ತೆ?"

"ಸಾಸಿಗೇನಾಗೈತೆ? ಚೆನ್ನಾಗೈತೆ."

"ಮತ್ತೆ?"

ಯರ್ರಮ್ಮ ಎಮ್ಮೆಯ ಕಡೆಗೇ ಮುಖ ಮಾಡಿ ಹೇಳಿದಳು. "ಈ ಮನೆಗೆ ಬಂದಾಗಿಂದ ರೆಕ್ಕೆ ತಿಂದೀನಮ್ಮಾ. ನಮ್ಮತ್ತೆ ಹಾಕಿದ್ಲು, ತಿಂದೆ. ಆಮೇಲೆ ನನ್ನ ಕೈಗೇ ಸೌಟು ಬಂತು, ಆಗ್ಲೂ ರೆಕ್ಕೆನೇ ಹಾಕ್ಕಂಡೆ. ಇವ್ರು ಒಂದಿನ, ಒಂದೇ ಒಂದಿನ, ತೊಡೆ ನೀ ತಿನ್ನೇ ಅಂದಿಲ್ಲ. ಹೋಗ್ಲಿ, ಗಂಡಸ್ರು. ನೀನು ಹೆಣ್ಣಲ್ವಾ? ಅಷ್ಟು ದೂರದಿಂದ ಬಂದು, ಹುಡುಕಿ ಹುಡುಕಿ ನಂಗೆ ರೆಕ್ಕೆನೇ ತರ್ಸಿದೆ. ಆ ದೇಶಕ್ಕೆ ಬಂದ್ರೂ ಯರ್ರಮ್ಮಂಗೆ ರೆಕ್ಕೆನೇ ಅಲ್ವಾ?"

ಆಶಾಳಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಬಾಟಲಿ ಮೇಲೆ ಬಾಟಲಿ ನೆಕ್ಕಿ ಖಾರ ಆರಿಸಿದವಳು, ತಿನ್ನುವವಳ ತಟ್ಟೆಯ ಕಥೆಯನ್ನೇ ಮರೆತಿದ್ದಳು. ತಪ್ಪಾಯಿತು ಎನ್ನಲು ಬಾಯಿ ತೆರೆದರೆ ಅಳು ಬಂತು.

"ಅತ್ತೆ, ನನಗೆ ರೆಕ್ಕೆ ತಿನ್ನಾಕೆ ಕಲಿಸಿದ್ದು ಯಾರು?"

ಯರ್ರಮ್ಮ ತಿರುಗಿದಳು.

"ನಾನು ಮದುವೆ ಆಗಿ ಬಂದ ವರ್ಷ. ಗಂಡಸ್ರು ಉಂಡೆದ್ದ ಮೇಲೆ ನಾವಿಬ್ರೇ ಒಲೆ ಮುಂದೆ ಕುಂದರ್ತಿದ್ವಿ. ಎರಡು ರೆಕ್ಕೆ. ನಿಮಗೊಂದು, ನನಗೊಂದು. ಮೂಳೆ ಎಲ್ಲಿ ಕಚ್ಚಬೇಕು, ಹೆಂಗೆ ಚೀಪಬೇಕು ಅಂತ ತೋರಿಸ್ಕೊಟ್ರಿ. ನನಗೆ ಅವ್ವ ಇರ್ಲಿಲ್ಲ. ಪಕ್ಕದಾಗೆ ಕುಂದ್ರಿಸ್ಕೊಂಡು ಉಣ್ಣಿಸಿದೋರು ನೀವೇ ಮೊದಲು. ಅಲ್ಲಿ ಹೋದ ಮೇಲೆ ನಿಮ್ಮ ನೆನಪಾದಾಗೆಲ್ಲ ರೆಕ್ಕೆ ತರ್ತಿದ್ದೆ. ನನಗೆ ಅದು ಕಡಿಮೆ ತುಂಡು ಅಂತ ಯಾವತ್ತೂ ಅನ್ನಿಸ್ಲಿಲ್ಲ ಅತ್ತೆ."

ಎಮ್ಮೆ ತಲೆ ಕೊಡವಿತು. ಯರ್ರಮ್ಮ ಸೆರಗಿನಿಂದ ಮೊದಲು ಸೊಸೆಯ ಕಣ್ಣು ಒರೆಸಿದಳು, ಆಮೇಲೆ ತನ್ನದು. ತೊಳೆಯುವ ಮೊದಲೇ ಸಾಸಿನ ಕೈ ಸೆರಗಿಗೆ ತಾಗಿತ್ತೋ ಏನೋ, ಇಬ್ಬರಿಗೂ ಕಣ್ಣುರಿ ಹತ್ತಿ ಇನ್ನಷ್ಟು ನೀರು ಸುರಿಯಿತು. ಆಗ ಬಂತು ನೋಡಿ ತೆಲುಗು, "ಅಯ್ಯೋ ದೇವುಡಾ!" ಎಂದು. ಅದು ಕಿವಿಗೆ ಬಿದ್ದದ್ದೇ ಆಶಾ ಅಳುತ್ತಲೇ ನಕ್ಕುಬಿಟ್ಟಳು.

"ನಡಿ ಒಳಗೆ. ಬಸುರಿ ಹೆಣ್ಣು ಇನ್ನೂ ಉಂಡಿಲ್ಲ" ಎಂದು ಯರ್ರಮ್ಮ ಅವಳ ಕೈ ಹಿಡಿದು ಎಳೆದಳು.

ಪಡಸಾಲೆಯಲ್ಲಿ ಅಪ್ಪ ಮಗ ಬೆರಳು ಚೀಪುತ್ತಿದ್ದರು. ಅತ್ತೆ ಸೊಸೆ ಒಲೆಯ ಮುಂದೆ ಕೂತರು. ಉಳಿದ ರೆಕ್ಕೆಗಳನ್ನು ಯರ್ರಮ್ಮ ಒಂದೇ ತಟ್ಟೆಗೆ ಸುರಿದು ಇಬ್ಬರ ನಡುವೆ ಇಟ್ಟಳು. ಈ ಸಲ ಮನಸ್ಸಿಟ್ಟು ತಿಂದಳು. ಖಾರ ಪರವಾಗಿಲ್ಲ, ಹುಳಿ ಒಂಚೂರು ಮುಂದಾಗೈತೆ, ನಮ್ಮ ಪುಡಿ ಎರಡು ಚಿಟಿಕೆ ಬಿದ್ದರೆ ಸರಿಹೋದೀತು ಎಂದು ತೀರ್ಪನ್ನೂ ಕೊಟ್ಟಳು. ಆಶಾ ಕಾಯುತ್ತಿದ್ದಳು. ಬರ್ತೀರಾ ಎಂದು ಕೇಳಲು ಧೈರ್ಯವಿರಲಿಲ್ಲ.

ಯರ್ರಮ್ಮ ಮೂಳೆ ಚೀಪಿ ಪಕ್ಕಕ್ಕಿಟ್ಟಳು.

"ಆ ದೇಶದಾಗೂ ಒಂದು ಕೋಳಿಗೆ ಎರಡೇ ತೊಡೆ ತಾನೆ?"

"ಎರಡೇ ಅತ್ತೆ."

"ಸರಿ ಹಂಗಾದ್ರೆ, ಬರ್ತೀನಿ. ಬಾಣಂತಿಗೊಂದು, ಬಾಣಂತನ ಮಾಡೋಳಿಗೊಂದು." ಅವಳು ಪಡಸಾಲೆಗೆ ಕೇಳುವಷ್ಟು ದನಿ ಎತ್ತಿದಳು. "ರೆಕ್ಕೆ ನನ್ನ ಮಗಂಗೆ ಹಾಕಣ."