ಎಪ್ಪತ್ತು ಕಿಲೋ

"ಏಳಬೇಡಿ ಸಾರ್!"

ಕೂಗು ಕಿಟಕಿಯ ಆಚೆಯಿಂದ ಬಂತು. ಅವನು ಎದ್ದಿರಲಿಲ್ಲ. ಜೋಮು ಹಿಡಿದ ಒಂದು ಕಾಲನ್ನು ಇನ್ನೊಂದರ ಮೇಲಿಂದ ಇಳಿಸಿದ್ದ, ಅಷ್ಟೆ. ಮಂಚದ ಕಾಲಿಗೆ ಬಿಗಿದ ಹಗ್ಗ ಆ ಸುದ್ದಿಯನ್ನು ಆಗಲೇ ಹೊರಗೆ ಮುಟ್ಟಿಸಿತ್ತು.

"ಎದ್ದಿಲ್ಲ," ಎಂದ.

"ಅಲ್ಲಾಡಲೂಬೇಡಿ. ನೀವಲ್ಲಿ ಅಲ್ಲಾಡಿದ್ರೆ ನಾನಿಲ್ಲಿ ಉಯ್ಯಾಲೆ ಆಡ್ತೀನಿ."

ಆರನೆಯ ಮಹಡಿ. ಮಲಗುವ ಕೋಣೆಯ ಕಿಟಕಿಯಿಂದ ಒಂದು ಮಾರು ಎಡಕ್ಕೆ, ಬೋಳು ಗೋಡೆಗೆ ಹೊಡೆದ ಎರಡು ಕಬ್ಬಿಣದ ತೋಳುಗಳ ಮೇಲೆ ಏಸಿಯ ಹೊರಪೆಟ್ಟಿಗೆ ಕೂತಿತ್ತು. ಅದರ ಕೆಳಗೆ ಗೇಣಗಲದ ಸಜ್ಜಾ. ಸಜ್ಜಾದ ಮೇಲೆ ಮೆಕ್ಯಾನಿಕ್. ಅವನ ಸೊಂಟದ ಬೆಲ್ಟಿನಿಂದ ಹೊರಟ ಹಗ್ಗ ಕಿಟಕಿಯಿಂದ ಒಳಬಂದು ಮಂಚದ ಕಾಲನ್ನು ಸುತ್ತಿಕೊಂಡಿತ್ತು. ಮಂಚದ ಮೇಲೆ ಮನೆಯ ಯಜಮಾನ, ಭಾರಕ್ಕೆ.

"ಇದನ್ನ ಇಲ್ಲಿ ಕೂರಿಸಿದ ಪುಣ್ಯಾತ್ಮ ಯಾರು ಸಾರ್?" ಬಂದ ಕೂಡಲೇ ಕಿಟಕಿಯಿಂದ ತಲೆ ಹೊರಹಾಕಿ ಮೆಕ್ಯಾನಿಕ್ ಕೇಳಿದ್ದ.

"ಆಗ ಬಣ್ಣ ಬಳಿಯೋಕೆ ಸಾರುವೆ ಕಟ್ಟಿದ್ರು. ಅದರ ಮೇಲೆ ನಿಂತು ಕೂರಿಸಿದ್ರು."

"ಸಾರುವೆ ಬಿಚ್ಕೊಂಡು ಹೊರಟೋದ್ರು. ಮುಂದೆ ಇದು ಕೆಡುತ್ತೆ ಅಂತ ಒಬ್ಬರಿಗೂ ಹೊಳೀಲಿಲ್ಲ. ಮದುವೆ ಮಾಡ್ಸಿ ಕೈ ತೊಳ್ಕೊಂಡೋರ ಹಾಗೆ."

ಅವನು ನಗಲು ಸ್ವಲ್ಪ ತಡಮಾಡಿದ.

ಬೆಲ್ಟಿನ ಕೊಕ್ಕೆ ಸಿಕ್ಕಿಸಲು ಗೋಡೆಯಲ್ಲಿ ಒಂದು ಕಬ್ಬಿಣದ ಬಳೆಯೂ ಇರಲಿಲ್ಲ. ಮೆಕ್ಯಾನಿಕ್ ಬೀರು ನೋಡಿದ, ಮಂಚವನ್ನು ಕಾಲಿನಿಂದ ಒದ್ದು ನೋಡಿದ, ಕೊನೆಗೆ ಅವನನ್ನು ನೋಡಿದ.

"ತೂಕ ಎಷ್ಟು ಸಾರ್?"

"ಮಂಚದ್ದಾ?"

"ನಿಮ್ಮದು."

"ಎಪ್ಪತ್ತು."

ಐವತ್ತೆಂಟು.

ಅವನು ಓದಿಕೊಂಡವನು. ಕಚೇರಿಯಲ್ಲಿ ಅವನ ಕೆಲಸ ಕೆಲಸಗಾರರಿಗಾಗಿ ಸುರಕ್ಷತೆಯ ಕೈಪಿಡಿಗಳನ್ನು ಬರೆಯುವುದು. 'ಎತ್ತರದಲ್ಲಿ ಕೆಲಸ' ಎಂಬುದರ ಹದಿನಾಲ್ಕನೆಯ ಪುಟದಲ್ಲಿ, ಮೇಜಿನ ಕಾಲಿಗೆ ಹಗ್ಗ ಕಟ್ಟಿಕೊಂಡು ನೇತಾಡುವವನ ಚಿತ್ರ ಹಾಕಿಸಿ, ಅದರ ಮೇಲೆ ಕೆಂಪು ಗೀಟು ಎಳೆಸಿ, 'ಪೀಠೋಪಕರಣಗಳಿಗೆ ಹಗ್ಗ ಕಟ್ಟಕೂಡದು' ಎಂದು ಬರೆದವನು ಅವನೇ. ಮೇಜಿನ ಮೇಲೆ ಒಬ್ಬರನ್ನು ಕೂರಿಸಿದರೆ ಕಟ್ಟಬಹುದೋ ಎಂಬ ಬಗ್ಗೆ ಕೈಪಿಡಿ ಏನೂ ಹೇಳಿರಲಿಲ್ಲ.

ನಿಯಮದ ದಾರಿ ಬೇರೆ ಇತ್ತು. ಕಂಪನಿಯವರು ಆಳನ್ನು ಮೇಲೆತ್ತುವ ತೊಟ್ಟಿಲಿನ ಗಾಡಿ ಕಳಿಸುತ್ತಿದ್ದರು, ಮೂರು ವಾರ ಬಿಟ್ಟು. ಅವನಲ್ಲಿ ಮೂರು ವಾರ ಇರಲಿಲ್ಲ. ಏಸಿ ಕೆಟ್ಟ ದಿನ ಹೆಂಡತಿ, "ಈ ಕೋಣೆ ಒಲೆ ಆಗಿದೆ," ಎಂದು ದಿಂಬು ಎತ್ತಿಕೊಂಡು ಹಾಲ್‌ಗೆ ಹೋಗಿದ್ದಳು. ಹನ್ನೊಂದು ದಿನವಾಯಿತು. ಹಾಲ್‌ನ ಕಿಟಕಿ ಪಡುವಣಕ್ಕೆ. ಅವನು ಥರ್ಮಾಮೀಟರ್ ಹಿಡಿದು ನೋಡಿದ್ದ: ಹಾಲ್‌ನಲ್ಲಿ ಕೋಣೆಗಿಂತ ಎರಡು ಡಿಗ್ರಿ ಹೆಚ್ಚು. ಇನ್ನೊಮ್ಮೆ ನೋಡಿದ್ದ. ಆಮೇಲೆ ಥರ್ಮಾಮೀಟರನ್ನು ಬೀರುವಿನ ಒಳಗಿಟ್ಟು ಬೀಗ ಹಾಕಿದ್ದ.

ಐವತ್ತೆಂಟು ಎಂದಿದ್ದರೆ ಮೆಕ್ಯಾನಿಕ್ ಚೀಲ ಎತ್ತಿಕೊಂಡು ಹೊರಡುತ್ತಿದ್ದನೇನೋ.

ಹೆಂಡತಿ ಬಾಗಿಲಲ್ಲಿ ಹಾದುಹೋಗುತ್ತ ಒಳಗಿಣುಕಿದಳು. "ಪಾಪ, ಆ ಮನುಷ್ಯ ಬೀಳಲ್ವಾ?"

"ನಾನು ಕೂತಿದೀನಲ್ಲ."

"ಅದಕ್ಕೇ ಕೇಳಿದ್ದು."

ಹೋದಳು. ಹೊರಗೆ ಕಬ್ಬಿಣ ಕಬ್ಬಿಣವನ್ನು ಕೆರೆಯಿತು.

"ಸಾರ್, ಏನಾದ್ರೂ ಮಾತಾಡ್ತಿರಿ. ನೀವು ಸುಮ್ನಿದ್ರೆ ಎದ್ದು ಹೋದ್ರೇನೋ ಅನ್ಸುತ್ತೆ. ಏನು ಕೆಲಸ ನಿಮ್ಮದು?"

"ಹೀಗೇ... ಬರೆಯೋದು."

"ನಮಗೂ ಒಂದು ಪುಸ್ತಕ ಕೊಟ್ಟಿದ್ರು ಸಾರ್, ಎತ್ತರದಿಂದ ಬೀಳಬಾರ್ದು ಅಂತ. ಒಳ್ಳೇ ದಪ್ಪ ಪುಸ್ತಕ. ನಮ್ಮ ಏಣೀದು ಒಂದು ಕಾಲು ಗಿಡ್ಡ. ಅದರ ಕೆಳಗೆ ಅಳತೆ ತಗೊಂಡು ಮಾಡಿದ ಹಾಗೆ ಕೂರುತ್ತೆ."

ತನ್ನ ಬರಹ ಯಾರಿಗಾದರೂ ಉಪಯೋಗಕ್ಕೆ ಬಂದ ಸುದ್ದಿ ಅವನು ಕೇಳಿದ್ದು ಇದೇ ಮೊದಲು. ಯಾವ ಪುಟದ ಮೇಲೆ ಏಣಿ ನಿಲ್ಲುತ್ತದೆ ಎಂದು ಕೇಳಬೇಕೆನಿಸಿತು.

ಕೇಳುವಷ್ಟರಲ್ಲಿ ಮಂಚ ಕಿರುಚಿತು.

ಅದು ಅವನನ್ನು ಹೊತ್ತುಕೊಂಡೇ ಕಿಟಕಿಯತ್ತ ಒಂದು ಗೇಣು ಸರಿಯಿತು. ಹೊರಗೆ ಏನೋ ಜಾರಿತು. ಬಹಳ ಹೊತ್ತಿನ ಮೇಲೆ, ದೂರ ಕೆಳಗೆ, ಠಣ್ ಎಂದಿತು.

"ಸಾರ್!"

"ಇದೀನಿ! ಇದೀನಿ!"

"ನೀವಿದೀರ, ಸಂತೋಷ. ನಾನೂ ಇದೀನಿ. ಸ್ಪ್ಯಾನರ್ ಹೋಯ್ತು, ಇನ್ನೊಂದಿದೆ. ಯಾರಿಗೂ ತಗಲಿಲ್ಲ." ಉಸಿರು ಎಳೆದುಕೊಂಡ ಸದ್ದು. "ಎಪ್ಪತ್ತು ಅಂದ್ರಲ್ಲ ಸಾರ್?"

ಹೆಂಡತಿ ಒದ್ದೆ ಕೈಯಲ್ಲೇ ಓಡಿಬಂದಿದ್ದಳು. "ಎಪ್ಪತ್ತಾ? ಯಾರು, ಇವರಾ? ಚಪ್ಪಲಿ, ಕೊಡೆ ಎಲ್ಲಾ ಸೇರ್ಸಿ ತೂಗಿದ್ರೂ ಅರವತ್ತಾಗಲ್ಲ."

"ಒಳಗೆ ಬಂದ್ಬಿಡಪ್ಪ," ಎಂದು ಅವಳು ಕೂಗಿದಳು.

"ಬರೋ ಹಾಗಿಲ್ಲ ಅಕ್ಕಾ. ಪೆಟ್ಟಿಗೆ ಒಂದೇ ಬೋಲ್ಟ್ ಮೇಲೆ ನಿಂತಿದೆ. ಕೆಳಗೆ ಮಕ್ಕಳು ಆಡ್ತಿದಾವೆ. ನೀವೂ ಸ್ವಲ್ಪ ಬಂದು ಕೂತ್ಕೊಳ್ಳಿ. ನನಗೂ ಮನೇಲಿ ಹೆಂಡ್ತಿ ಇದಾಳೆ."

ಅವಳು ಬಂದಳು. ಮಂಚದ ಇನ್ನೊಂದು ಅಂಚಿನಲ್ಲಿ, ಅವನಿಗೆ ಬೆನ್ನು ಹಾಕಿ ಕೂತಳು. ಮಂಚ ನೆಲ ಕಚ್ಚಿತು.

ಹಾಸಿಗೆ ಹಳೆಯದು. ಅವಳು ಉಸಿರಾಡಿದ್ದು ಅದರೊಳಗಿಂದ ಹಾದು ಅವನಿಗೆ ತಿಳಿಯುತ್ತಿತ್ತು. ಹನ್ನೊಂದು ದಿನದಿಂದ ಹುಡುಕುತ್ತಿದ್ದ ಮಾತನ್ನು ಈಗಲಾದರೂ ಆಡಬಹುದಿತ್ತು.

"ಕೈ ಒದ್ದೆ ಇದೆಯಲ್ಲ," ಎಂದ.

"ಹೂಂ."

"ಒರೆಸ್ಕೋ."

"ಏಳಬಾರದಂತಲ್ಲ."

ಮೂರು ಬೋಲ್ಟು ಬಾಕಿ ಎಂದು ಹೊರಗಿನಿಂದ ಸುದ್ದಿ ಬಂತು. ಆಮೇಲೆ ಎರಡು. ಅವನು ಬೆರಳಿನಿಂದ ಹಾಸಿಗೆಯ ಮೇಲೆ ತಟ್ಟಿ ಲೆಕ್ಕವಿಡುತ್ತಿದ್ದ. ಒಂದಾದರೂ ತುಕ್ಕು ಹಿಡಿದಿರಲಿ, ಬೇಗ ತಿರುಗದಿರಲಿ ಎಂದು ಮನಸ್ಸು ಒಳಗೊಳಗೇ ಬೇಡಿಕೊಳ್ಳುತ್ತಿರುವುದು ಗೊತ್ತಾಗಿ, ಬೆವರಿದ. ಹಗ್ಗದ ಆ ತುದಿಯಲ್ಲಿದ್ದುದು ಮನುಷ್ಯ.

"ಆಯ್ತು!"

ಕಿಟಕಿಯಲ್ಲಿ ಮೊದಲು ಒಂದು ಮೊಣಕಾಲು ಕಂಡಿತು, ಆಮೇಲೆ ಉಳಿದವನು. ಮೆಕ್ಯಾನಿಕ್‌ನ ಪಾದ ನೆಲ ಮುಟ್ಟುವುದಕ್ಕೂ ಅವಳು ಏಳುವುದಕ್ಕೂ ಸರಿಹೋಯಿತು.

ಗಂಟು ಎಳೆತಕ್ಕೆ ಕಗ್ಗಂಟಾಗಿತ್ತು. ಮೆಕ್ಯಾನಿಕ್ ಉಗುರು ಹಾಕಿ ನೋಡಿದ, ಹಲ್ಲು ಹಾಕಿ ನೋಡಿದ, ಕೊನೆಗೆ ಚಾಕುವಿನಿಂದ ಕೊಯ್ದು ಹಗ್ಗ ಸುತ್ತಿಕೊಂಡ. ಗಂಟು ಮಂಚದ ಕಾಲಿಗೇ ಉಳಿಯಿತು.

"ಸಾರ್," ಬಾಗಿಲಲ್ಲಿ ನಿಂತು ಹೇಳಿದ, "ಇನ್ಮೇಲೆ ಯಾರಾದ್ರೂ ತೂಕ ಕೇಳಿದ್ರೆ ಇದ್ದಿದ್ದು ಹೇಳಿ. ಕಮ್ಮಿಯಾದ್ರೆ ತಪ್ಪಲ್ಲ. ಬೀರೂಗೂ ಒಂದು ಸುತ್ತು ಹಾಕ್ತಿದ್ದೆ, ಅಷ್ಟೆ." ಬೈಯಲಿಲ್ಲ. ನಕ್ಕೇ ಹೋದ.

ಏಸಿ ಗೊಣಗುತ್ತ ತಣ್ಣನೆಯ ಗಾಳಿ ಬಿಡತೊಡಗಿತು. ಅವನು ಅಭ್ಯಾಸವಾದವನಂತೆ ಮಂಚದ ಅದೇ ಜಾಗದಲ್ಲಿ ಕೂತ. ಮಂಚ ಮೊದಲಿನ ಜಾಗಕ್ಕಿಂತ ಒಂದು ಗೇಣು ಕಿಟಕಿಯತ್ತಲೇ ನಿಂತಿತ್ತು. ಬಾಗಿಲಿನಾಚೆ ಹಾಲ್ ಕಾಣುತ್ತಿತ್ತು. ಪಡುವಣದ ಬಿಸಿಲು ನೇರ ಮುಖಕ್ಕೆ ಹೊಡೆಯುತ್ತಿದ್ದರೂ ಅವಳು ಸೋಫಾದ ಮೇಲೆ ಕೂತು ಬಟ್ಟೆ ಮಡಿಸುತ್ತಿದ್ದಳು. ರವಿಕೆಯ ಬೆನ್ನು ಬೆವರಿಗೆ ಅಂಟಿತ್ತು.

"ಕೋಣೆ ತಣ್ಣಗಾಯ್ತು," ಎಂದು ಕೂಗಿದ.

"ಕೇಳಿಸ್ತಿದೆ."

ಹತ್ತಿರ ಹೋಗಿ ಹೇಳಬೇಕಾದ ಮಾತು. ಏಳಲು ಹೊರಟ. ಕೊಯ್ದ ಹಗ್ಗದ ಗಂಟು ಕಾಲಿಗೆ ತಗಲಿತು. ಯಾಕೋ ಏಳಲಾಗಲಿಲ್ಲ. ಕಿಟಕಿಯ ಹೊರಗೆ ಈಗ ಯಾರೂ ಇರಲಿಲ್ಲ. ಆದರೂ ಅವನು ಅಲ್ಲಾಡದೆ, ಇದ್ದ ಐವತ್ತೆಂಟನ್ನೂ ಊರಿ ಕೂತು, ಅಲ್ಲಿಂದಲೇ ಕೇಳಿದ:

"ದಿಂಬು ಒಳಗೆ ತಂದಿಡ್ಲಾ?"

"ಬೇಡ."