ತಲೆಕೆಳಗಾದ ಕುರಿಮರಿ

ಅಮೃತಪ್ಪ ಮೂಗು ಮುರಿದ ರೀತಿಗೇ ಮಂದಾಕಿನಿಯ ಮೈ ಉರಿಯಿತು. ಅವನು ಹೈದರಾಬಾದಿನ ನಾಣ್ಯ ಸಂಗ್ರಾಹಕರ ಸಂಘವೊಂದರ ಕಾರ್ಯದರ್ಶಿ. ಉಪ್ಪಲ್‌ನಲ್ಲಿ ನಡೆಯುವ ಪ್ರದರ್ಶನಕ್ಕೆ ಯಾರಿಗೆ ಗಾಜಿನ ಪೆಟ್ಟಿಗೆ, ಯಾರಿಗಿಲ್ಲ ಎಂಬುದೆಲ್ಲ ಅವನ ಕೈಯಲ್ಲೇ ಇತ್ತು.

ಮಂದಾಕಿನಿ ಕುಷಾಯಿಗೂಡದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದವಳು. ಓರಗೆಯವರು ಸೀರೆ, ಸೈಟು ಎಂದು ಓಡಾಡುವಾಗ ಇವಳು ಹಳೆಯ ಜರ್ಮನ್ ಬಂಗಾರದ ನಾಣ್ಯ ಹುಡುಕುತ್ತಿದ್ದಳು. ಊರಿಗೆಲ್ಲ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ ಎಂದು ಬಂಧುಗಳು ನಕ್ಕಿದ್ದರು. ನಗಲಿ! ಈಗ ಅವಳ ಬಳಿ ಆರು ನಾಣ್ಯಗಳಿದ್ದವು. ಐದಕ್ಕೆ ಅಮೃತಪ್ಪ ತಲೆದೂಗಿದ. ಅವನಿಗೆ ಸೇರದಿದ್ದುದು ಆರನೆಯದು.

ಅದು ಅವಳ ತಾಯಿ ಕೃಷ್ಣಾಬಾಯಿಯ, ಬಂಗಾರದ ನಾಣ್ಯ ಪೋಣಿಸಿದ ಪುತಳಿ ಸರದ ನಟ್ಟನಡುವೆ ತೂಗುತ್ತಿದ್ದ ನಾಣ್ಯ. ಮುನ್ನೂರು ವರ್ಷದ ಹಿಂದೆ ಜರ್ಮನಿಯ ನ್ಯೂರೆಂಬರ್ಗಿನಲ್ಲಿ ಅಚ್ಚಾದದ್ದು. ಭೂಗೋಳದ ಮೇಲೆ ಬಾವುಟ ಹಿಡಿದು ನಿಂತ ಕುರಿಮರಿ ಅದರ ಮೇಲಿತ್ತು. ಸರವನ್ನು ಹೆಣ್ಣುಮಕ್ಕಳು ಹಂಚಿಕೊಂಡಾಗ ಮಂದಾಕಿನಿ ಹಟ ಹಿಡಿದು ಇದನ್ನೇ ಕೇಳಿ ಪಡೆದಿದ್ದಳು. ನಾಣ್ಯದ ಹುಚ್ಚು ಹತ್ತಿದ್ದೇ ಇದರಿಂದ. ದಾರ ಪೋಣಿಸಲೆಂದು ಹಿಂದೆ ಯಾವನೋ ಪತ್ತಾರ ಅದರ ಅಂಚಿಗೆ ಪುಟ್ಟ ಕೊಂಡಿ ಬೆಸೆದಿದ್ದ.

"ಕೊಂಡಿ ಹಚ್ಚಿದ್ರ ನಾಣ್ಯ ಕೆಟ್ಟಂಗ, ಬಾಯಾರ," ಎಂದ ಅಮೃತಪ್ಪ. "ಅದೂ ಕುರಿಮರಿ ಕಾಲ ಕೆಳಗ ಹಚ್ಯಾನ. ಕೊರಳಾಗ ಹಾಕ್ಕೊಂಡ್ರ ತಲಿಕೆಳಗ ಜೋತಾಡತೈತಿ. ಭಾಳ ದಡ್ಡ ಪತ್ತಾರ! ಕೊಂಡಿ ತಗಸ್ರಿ, ಇಲ್ಲಾಂದ್ರ ನಿಮ್ಮ ಪೆಟ್ಟಿಗಿ ಬ್ಯಾರೆಯವರಿಗೆ ಹೋಗತೈತಿ."

ಆ ಸಂಘದಲ್ಲಿ ಇದುವರೆಗೆ ಹೆಂಗಸೊಬ್ಬಳಿಗೆ ಪೆಟ್ಟಿಗೆ ಸಿಕ್ಕಿದ್ದಿಲ್ಲ. ಮಂದಾಕಿನಿಗೆ ಅದು ಬೇಕಿತ್ತು, ನಿದ್ದೆಗೆಡುವಷ್ಟು ಬೇಕಿತ್ತು. ಮರುದಿನ ಪತ್ತಾರ ಬಂಡೆಪ್ಪನ ಅಂಗಡಿಗೆ ಹೋದಳು. ಅವನು ನಾಣ್ಯವನ್ನು ಚಿಮಟದಲ್ಲಿ ಹಿಡಿದು ಸಣ್ಣ ಗರಗಸ ಎತ್ತಿಕೊಂಡ.

"ತಡೀಪಾ ಬಂಡೆಪ್ಪ, ಕಡೀಕ ಒಂದ್ಸಲ ಹಾಕ್ಕೊಂಡು ನೋಡತೀನಿ."

ತನ್ನ ಸರಕ್ಕೇ ಅದನ್ನು ಪೋಣಿಸಿಕೊಂಡು ಅಂಗಡಿಯ ಕನ್ನಡಿಯ ಮುಂದೆ ನಿಂತಳು. ಕುರಿಮರಿ ತಲೆಕೆಳಗಾಗಿಯೇ ಇತ್ತು. ಅಮೃತಪ್ಪ ಹೇಳಿದ್ದು ಸುಳ್ಳಲ್ಲ. ತಾಯಿ ಸುಮ್ಮನೆ ಕುಳಿತಾಗಲೆಲ್ಲ ಅದನ್ನು ಬೆರಳಿನಿಂದ ಎತ್ತಿ ನೋಡುತ್ತಿದ್ದದ್ದು ನೆನಪಾಯಿತು. ಇವಳೂ ಹಾಗೇ ಎತ್ತಿ, ತಲೆ ಬಗ್ಗಿಸಿ ನೋಡಿದಳು.

ಕುರಿಮರಿ ಭೂಗೋಳದ ಮೇಲೆ ನೆಟ್ಟಗೆ ನಿಂತಿತ್ತು. ಬಾವುಟ ಮೇಲಿತ್ತು.

ಮಂದಾಕಿನಿಗೆ ಅಳು, ನಗು ಎರಡೂ ಒಟ್ಟಿಗೇ ಬಂದವು. ಆ ಪತ್ತಾರ ದಡ್ಡನಲ್ಲ. ಎದುರಿಗೆ ನಿಂತು ನೋಡುವವರಿಗೆಂದು ಅವನು ಕೊಂಡಿ ಹಚ್ಚಿರಲಿಲ್ಲ, ತೊಟ್ಟವಳಿಗೆಂದು ಹಚ್ಚಿದ್ದ.

"ಗರಗಸ ಕೆಳಗಿಡು," ಎಂದಳು.

ಪ್ರದರ್ಶನದ ದಿನ ಅವಳಿಗೆ ಸಿಗಬೇಕಿದ್ದ ಪೆಟ್ಟಿಗೆಯಲ್ಲಿ ಇನ್ಯಾರದೋ ನಾಣ್ಯಗಳಿದ್ದವು. ಮಂದಾಕಿನಿ ನಾಣ್ಯವನ್ನು ಕೊರಳಿಗೆ ಹಾಕಿಕೊಂಡು ಬಂದು ಬಾಗಿಲ ಪಕ್ಕದಲ್ಲೇ ನಿಂತಳು. ಒಬ್ಬರು ಅದೇನೆಂದು ಕೇಳಿದರು, ನಾಣ್ಯದ ಕಥೆ ಹೇಳಿದಳು. ಹತ್ತು ಜನ ಸುತ್ತುಗಟ್ಟಿದರು. ಅಮೃತಪ್ಪ ಭೂತಗನ್ನಡಿ ಹಿಡಿದೇ ಓಡಿಬಂದ.

"ಪೆಟ್ಟಿಗಿ ಇಲ್ಲಂತ ಹೇಳಿದ್ದೆವಲ್ರೀ ಬಾಯಾರ!"

"ಕೊರಳೈತಲ್ರಿ."

"ಅದು ತಲಿಕೆಳಗ ಐತಿ. ಮಂದಿ ನಗತಾರ."

ಮಂದಾಕಿನಿ ನಾಣ್ಯವನ್ನು ಬೆರಳಿನಿಂದ ಎತ್ತಿ, ತಲೆ ಬಗ್ಗಿಸಿ ಕುರಿಮರಿಯನ್ನೊಮ್ಮೆ ನೋಡಿದಳು.

"ನಿಮಗ ತಲಿಕೆಳಗ ಐತ್ರಿ," ಎಂದಳು. "ನನಗ ನೆಟ್ಟಗೈತಿ."