ತಾನೇ ಆರುವ ಒಲೆ

"ನೀನಿರೋ ತನಕ ಒಲೆ ನಿನ್ನದೇ ಅಮ್ಮ. ಅಡುಗೆಮನೆಯಿಂದ ನಿನ್ನನ್ನ ಯಾರೂ ಎಬ್ಬಿಸಲ್ಲ." ಅಪ್ಪ ತೀರಿಕೊಂಡ ವರ್ಷ ಅಮ್ಮನನ್ನು ತನ್ನ ಮನೆಗೆ ಕರೆತರುವಾಗ ಅವಳು ಹೀಗೆಂದು ಮಾತು ಕೊಟ್ಟಿದ್ದಳು. ಆಗಿನ್ನೂ ಅಮ್ಮನಿಗೆ ಮರೆವು ಶುರುವಾಗಿರಲಿಲ್ಲ. ಈಗ ಸಭೆಯ ನಡುವೆ, ಪರದೆಯ ಮೇಲಿನ ಒಂದೇ ಒಂದು ಕೆಂಪು ಸಾಲಿಗೆ ಸಾಹೇಬರು ಬೆರಳು ತೋರಿಸಿದಾಗ, ಆ ಮಾತು ಅವಳಿಗೆ ನೆನಪಾಯಿತು.

"ಈ ಒಲೆ ಇಡೀ ಸರಾಸರೀನೇ ಹಾಳು ಮಾಡ್ತಾ ಇದೆ. ಈ ಸಲಾನೂ ಅಂಕ ಬರದಿದ್ರೆ ಮೇಲಿನವರು ವಿಭಾಗಕ್ಕೇ ಬೀಗ ಹಾಕ್ತಾರೆ. ಏನ್ ಮಾಡೋಣ, ನೀವೇ ಹೇಳಿ."

ಕಂಪನಿಯಲ್ಲಿ ಹೊಸ ಒಲೆಗಳನ್ನು ರೂಪಿಸುವ ವಿಭಾಗ ಅದು. ಅದು ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದು ಅಳೆಯುವುದು ಅವಳ ಕೆಲಸ. ಬೆನ್ನ ಹಿಂದೆ ಎಲ್ಲರೂ ಅವಳನ್ನು ಅಳತೆಯಮ್ಮ ಎನ್ನುತ್ತಿದ್ದರು. ಒಲೆಯೊಂದು ನಕ್ಷೆಯಿಂದ ಅಂಗಡಿಗೆ ಹೋಗಲು ಎಷ್ಟು ಕಾಲ ಹಿಡಿಯಿತು, ವರ್ಷಕ್ಕೆ ಎಷ್ಟು ಹೊಸ ಮಾದರಿ ಬಂತು ಎಂದು ನೋಡಿ ಅಂಕ ಕೊಡುವ ಪದ್ಧತಿಯನ್ನು ಮಾಡಿದವಳೂ ಅವಳೇ. ಒಲೆಯ ಗಾಜಿನ ಮೇಲಿನ ಹೂವು ಕೆಂಪಿನಿಂದ ನೇರಳೆಗೆ ತಿರುಗಿದರೂ ಅದು ಹೊಸ ಮಾದರಿ.

ಕೆಂಪು ಸಾಲಿನ ಒಲೆ ಮಾತ್ರ ಬೇರೆ ಜಾತಿಯದು. ಹತ್ತಿರ ಯಾರೂ ಇಲ್ಲದೆ ಸ್ವಲ್ಪ ಹೊತ್ತಾದರೆ ಅದು ತಾನೇ ಆರುತ್ತಿತ್ತು. ಬರ್ನರ್ ಅಣ್ಣ ಎಂದು ಹೆಸರಾದ ಎಂಜಿನಿಯರ್ ವರ್ಷಗಟ್ಟಲೆ ಅದರ ಬೆನ್ನು ಹತ್ತಿದ್ದ. ಒಮ್ಮೊಮ್ಮೆ ಎದುರಿಗೆ ನಿಂತಿದ್ದರೂ ಆರಿಬಿಡುತ್ತಿತ್ತು. ಅದೊಂದು ದೋಷ ಉಳಿದಿತ್ತು. ಪರೀಕ್ಷೆಗೆಂದು ಕೆಲವು ಮನೆಗಳಿಗೆ ಕೊಟ್ಟಿದ್ದರು, ಅವಳ ಮನೆಗೂ ಒಂದು. ಅಮ್ಮ ಅದರ ಜೊತೆ ಜಗಳವಾಡುತ್ತಲೇ ಅಡುಗೆ ಮಾಡುತ್ತಿದ್ದಳು. "ಥೇಟ್ ನಿಮ್ಮಪ್ಪನ ಬುದ್ಧಿ ಇದಕ್ಕೆ. ಅರ್ಧದಲ್ಲೇ ಕೈಕೊಡುತ್ತೆ."

"ಇದೊಂದನ್ನ ಲೆಕ್ಕದಿಂದ ಹೊರಗಿಡೋಕಾಗಲ್ವಾ ಮೇಡಂ?" ಎಂದ ಬರ್ನರ್ ಅಣ್ಣ.

"ನಿಲ್ಲಿಸಿದ ಕೆಲಸ ಮಾತ್ರ ಹೊರಗಿಡಬಹುದು."

"ಯಾರ ನಿಯಮ ಅದು?"

"ನಂದೇ."

ಅವನು ನಕ್ಕುಬಿಟ್ಟ. "ನಿಲ್ಸಿ ಹಾಗಾದ್ರೆ. ಹೂವಿಗೆ ಬಣ್ಣ ಬಳ್ಕೊಂಡು ಬದುಕೋಣ. ನನಗೂ ಇಬ್ಬರು ಮಕ್ಕಳಿದ್ದಾರೆ, ಇಲ್ಲಿ ಕೂತಿರೋ ಎಲ್ಲರಿಗೂ ಮನೆ ಇದೆ."

ಅವಳು 'ನಿಲ್ಲಿಸಲಾಗಿದೆ' ಎಂದು ಒತ್ತಿದಳು. ಕೆಂಪು ಸಾಲು ಮಾಯವಾಗಿ ಪರದೆ ಪೂರ್ತಿ ಹಸಿರಾಯಿತು. ಸಾಹೇಬರು ಎಲ್ಲರಿಗೂ ಚಹಾ ತರಿಸಿದರು.

ನಿಲ್ಲಿಸಿದ ಮೇಲೆ ಪರೀಕ್ಷೆಯ ಒಲೆಗಳನ್ನು ಯಾರ ಮನೆಯಲ್ಲೂ ಬಿಡುವ ಹಾಗಿಲ್ಲ. ಮೆಟ್ಟಿಲ ಬಳಿ ಬರ್ನರ್ ಅಣ್ಣ ದನಿ ತಗ್ಗಿಸಿದ. "ನಿಮ್ಮನೇದು ಗುಜರಿಗೆ ಹೋಯ್ತು ಅಂತ ಬರೀತೀನಿ. ಇಟ್ಕೊಳ್ಳಿ, ಅಮ್ಮನಿಗೆ ಬೇಕಾಗುತ್ತೆ."

"ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನಿಮ್ಮ ಕುತ್ತಿಗೆಗೆ ಬರುತ್ತೆ. ಬೇಡ."

ಒಲೆ ಒಯ್ಯಲು ಬಂದವರ ಎದುರು ಅಮ್ಮ ಅದರ ಅಂಚು ಹಿಡಿದು ನಿಂತಳು. "ಕೆಟ್ಟಿಲ್ಲ ಕಣೇ ಇದು! ಸ್ವಲ್ಪ ಸಿಡುಕು, ಅಷ್ಟೇ."

"ಹೊಸದು ಬರುತ್ತಮ್ಮ. ಗಾಜಿಂದು, ಹೂವಿರೋದು."

ನೇರಳೆ ಹೂವಿನ ಒಲೆ ಬಂತು. ಅದೇ ವಾರ ಅಮ್ಮ ಹಾಲಿಟ್ಟು ಮಲಗಿದಳು. ಮಗಳು ಕೆಲಸದಿಂದ ಬಂದಾಗ ಪಾತ್ರೆಯ ತಳ ತೂತಾಗಿತ್ತು, ಕಿಟಕಿಯ ಪರದೆ ಅರ್ಧ ಸುಟ್ಟಿತ್ತು. ಅಮ್ಮ ಹೊಗೆಯಲ್ಲಿ ಕೆಮ್ಮುತ್ತ, "ಯಾರೇ ಒಲೆ ಹಚ್ಚಿದ್ದು?" ಎಂದಳು.

ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಅವಳು ಒಲೆಯ ನಾಬುಗಳನ್ನು ಒಂದೊಂದಾಗಿ ಕಿತ್ತು ಕೈಚೀಲಕ್ಕೆ ಹಾಕಿಕೊಂಡಳು. ಅಮ್ಮನ ಊಟ ಡಬ್ಬಿಯಲ್ಲಿತ್ತು. ಆ ದಿನ ಸಭೆಯಲ್ಲಿ ಪೆನ್ನು ಹುಡುಕುವಾಗ ಚೀಲದೊಳಗೆ ಅವು ಒಂದಕ್ಕೊಂದು ತಾಗಿ ಸದ್ದು ಮಾಡಿದವು.

ಸಂಜೆ ಬಂದಾಗ ಡಬ್ಬಿ ಮುಚ್ಚಿದಂತೆಯೇ ಇತ್ತು. ತರಕಾರಿಯೆಲ್ಲ ಹೆಚ್ಚಿ, ಪಾತ್ರೆಗೆ ಹಾಕಿ, ನೀರು ಸುರಿದು ಒಲೆಯ ಮೇಲಿಟ್ಟಾಗಿತ್ತು. ಅದರ ಮುಂದೆ ನಿಂತ ಅಮ್ಮ, ನಾಬು ಇದ್ದ ಜಾಗದ ಬೋಳು ಕಡ್ಡಿಯನ್ನು ಬೆರಳಲ್ಲಿ ತಿರುಗಿಸಲು ನೋಡುತ್ತಿದ್ದಳು. ಬೆರಳ ತುದಿಯ ಚರ್ಮ ಕಿತ್ತು ಬಂದಿತ್ತು.

"ಹತ್ತಿಕೊಳ್ತಾನೇ ಇಲ್ಲ ಕಣೇ. ನಿಮ್ಮ ಕಂಪನಿಯವರಿಗೆ ಹೇಳು."

"ಹೇಳ್ತೀನಮ್ಮ," ಎಂದಳು.

ಈ ಮಾತನ್ನೂ ಅವಳು ಉಳಿಸಿಕೊಳ್ಳಲಿಲ್ಲ.